ಹೊರಗೆ ಬಾರದ ಕುರ್ಚಿ

ಒಂದು ಪ್ಲಾಸ್ಟಿಕ್ ಕುರ್ಚಿ ಹೊಸ್ತಿಲು ದಾಟಿ ಹೊರಗೆ ಬರಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆಯನ್ನು ಈ ದೇಶದ ಯಾವ ಕಾಯ್ದೆಯೂ ಇದುವರೆಗೆ ಚರ್ಚಿಸಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ ಮೌನವಾಗಿದೆ. ಭೂಕಂದಾಯ ಕಾಯ್ದೆಗೆ ಕುರ್ಚಿ ಗೊತ್ತು, ಆದರೆ ಅದು ತಹಸೀಲ್ದಾರರದು. ಈ ದೊಡ್ಡ ಕೊರತೆಯನ್ನು ತುಂಬುವ ಭಾರ ಕೊನೆಗೆ ದೇವನಹಳ್ಳಿ ತಾಲ್ಲೂಕಿನ ಹುಣಿಸೇಪಾಳ್ಯದ ಮುನಿತಾಯಮ್ಮನ ಮೇಲೆ ಬಿತ್ತು. ಅವಳು ಶಾಲೆಗೆ ಹೋದವಳಲ್ಲ. ಕುರ್ಚಿ ಕೆಂಪು ಬಣ್ಣದ್ದು. ಪಕ್ಕದ ವಿಜಯಪುರದ ಸಂತೆಯಲ್ಲಿ ತಂದದ್ದು.

ಕುರ್ಚಿಯ ವಿಚಾರ ಮೊದಲು ಹೇಳಬೇಕು.

ಸರ್ಕಾರಿ ಕಾಗದದಲ್ಲಿ ನಮ್ಮದು ಕಾಲೊನಿ. ಊರಿನವರ ಬಾಯಲ್ಲಿ ಕೇರಿ. ಇಲ್ಲಿ ಪ್ರತಿ ಮನೆಯಲ್ಲೂ ಒಂದು ಕುರ್ಚಿ ಇರುತ್ತದೆ. ಮನೆಯವರು ಅದರಲ್ಲಿ ಕೂರುವುದಿಲ್ಲ. ಅದು ಬರುವವರಿಗೆ. ಬರುವವರು ಒಳಗೆ ಬರುವುದಿಲ್ಲ. ಆದ್ದರಿಂದ ಕುರ್ಚಿಯೇ ಹೊರಗೆ ಹೋಗುತ್ತದೆ. ಲೈನ್‌ಮ್ಯಾನ್ ಬಂದರೆ ಕುರ್ಚಿ ಹೊರಗೆ. ಜನಗಣತಿಯ ಮೇಷ್ಟ್ರು ಬಂದರೆ ಕುರ್ಚಿ ಹೊರಗೆ. ವೋಟು ಕೇಳುವವರು ಬಂದರೆ ಕುರ್ಚಿಯ ಜೊತೆಗೆ ಅಂಗಡಿಯಿಂದ ತಂದ, ಮುಚ್ಚಳ ತೆಗೆಯದ ಕೂಲ್‌ಡ್ರಿಂಕ್ ಬಾಟಲಿಯೂ ಹೊರಗೆ.

ಕುರ್ಚಿ ಮಾತ್ರ ಅಲ್ಲ. ಬಂದವರಿಗೆ ಏನು ಬೇಕೋ ಅದೆಲ್ಲ ಹೊರಗೆ ಬರುತ್ತದೆ. ಡಾಕ್ಟರು ಬಂದರೆ ರೋಗಿ ಎದ್ದು ಹೊರಗೆ ಬರುತ್ತಾನೆ. ಲಸಿಕೆಯವರು ಬಂದರೆ ಮಗು ಬರುತ್ತದೆ. ಮುನಿತಾಯಮ್ಮನ ಅತ್ತೆಗೆ ಲಕ್ವ ಹೊಡೆದಿತ್ತು. ಪಿಂಚಣಿಯ ತನಿಖೆಗೆ ಒಬ್ಬ ಸಾಹೇಬರು ಬಂದರು. ಮುದುಕಿ ಇನ್ನೂ ಬದುಕಿದ್ದಾಳೆಯೇ ಎಂದು ನೋಡಬೇಕಿತ್ತು. ಅವಳನ್ನು ಚಾಪೆಯ ಸಮೇತ ಎಳೆದು ಬಿಸಿಲಿಗೆ ತಂದರು. ತಂದವರು ಮಗ, ಸೊಸೆಯೇ. ಸಾಹೇಬರು ಕುರ್ಚಿಯ ಮೇಲೆ ಕೂತು ನೋಡಿದರು. ಬದುಕಿದ್ದಾಳೆ ಎಂದು ಗುರುತು ಹಾಕಿಕೊಂಡು ಹೋದರು.

ಇದರಲ್ಲಿ ಯಾರೂ ಯಾರಿಗೂ ಏನೂ ಅಂದದ್ದಿಲ್ಲ. ಬರಬೇಡಿ ಎಂದು ನಾವು ಹೇಳಿಲ್ಲ. ಬರಲ್ಲ ಎಂದು ಅವರು ಹೇಳಿಲ್ಲ. ಅಷ್ಟು ನಯವಾದ ವ್ಯವಸ್ಥೆ.

ಇಂಥ ವ್ಯವಸ್ಥೆಗೆ ಒಂದು ಬಿರುಕು ಬಿಟ್ಟಿತು. ಬಿರುಕು ಗೋಡೆಯಲ್ಲಿತ್ತು. ಗೋಡೆಯನ್ನು ಹೊರಗೆ ತರಲಾಗುವುದಿಲ್ಲ.

ಅದು ಎರಡು ಸಾವಿರದ ಏಳನೇ ಇಸವಿಯ ಬೇಸಿಗೆ. ದೇವನಹಳ್ಳಿಯ ಹೊಸ ನಿಲ್ದಾಣದಿಂದ ವಿಮಾನ ಇನ್ನೂ ಹಾರಿರಲಿಲ್ಲ. ಸೈಟುಗಳು ಆಗಲೇ ಹಾರುತ್ತಿದ್ದವು. ನಮ್ಮ ಕೇರಿಗೆ ಅಂಟಿಕೊಂಡಂತೆ ಅಪ್ಪಯ್ಯಣ್ಣನವರ ರಾಗಿ ಹೊಲ, ಹೊಲದ ತಲೆಯಲ್ಲಿ ಒಂದು ಬಂಡೆಗುಡ್ಡ. ಅಪ್ಪಯ್ಯಣ್ಣನವರು ಊರಿನ ದೊಡ್ಡ ಹಿಡುವಳಿದಾರರು. ಅವರ ಮಗ ಅನಿಲ್‌ಕುಮಾರ್ ಹೊಲದಲ್ಲಿ ಲೇಔಟ್ ಮಾಡಲು ನಿಂತ. ಬಂಡೆ ಅಡ್ಡ ಬಂತು. ಮಧ್ಯಾಹ್ನದ ಹೊತ್ತು ಮದ್ದಿಟ್ಟು ಸಿಡಿಸತೊಡಗಿದರು.

ಸಿಡಿಸುವ ಮೊದಲು ಗುಡ್ಡದ ಮೇಲಿನಿಂದ ಸೀಟಿ ಊದುತ್ತಾರೆ. ಸೀಟಿ ಕೇಳಿದ ಕೂಡಲೇ ಕೇರಿಯವರೆಲ್ಲ ಇದ್ದ ಕೆಲಸ ಬಿಟ್ಟು ಹತ್ತಿರ ಯಾವ ಮನೆ ಇದೆಯೋ ಅದರೊಳಗೆ ನುಗ್ಗಬೇಕು. ನಮ್ಮ ಮನೆಗಳ ಮಾಡು ಕಲ್ಲುಚಪ್ಪಡಿಯದು. ಕಲ್ಲು ಹಾರಿ ಬಂದು ಬೀಳುತ್ತದೆ. ರಾಮಾಂಜಿನಪ್ಪನ ಮೇಕೆ ಸೀಟಿಯ ಅರ್ಥ ತಿಳಿಯದೆ ಸತ್ತಿತು.

ಗುಡ್ಡಕ್ಕೆ ತೀರ ಹತ್ತಿರದ ಮನೆ ಮುನಿತಾಯಮ್ಮನದು. ಹೊರಗೋಡೆ ಸೈಜುಗಲ್ಲಿನದು, ಅಲುಗಲಿಲ್ಲ. ಒಳಗೆ ನಡುವೆ ಒಂದು ಗೋಡೆ, ಮಣ್ಣಿನ ಇಟ್ಟಿಗೆಯದು. ಚಪ್ಪಡಿಗಳೆಲ್ಲ ಅದರ ಮೇಲೆಯೇ ಕೂತಿವೆ. ಅದು ಸೀಳಿತು. ಮೊದಲು ಅದರೊಳಗೆ ಹಲ್ಲಿ ಹೋಗುತ್ತಿತ್ತು. ಆಮೇಲೆ ಮುನಿತಾಯಮ್ಮನ ಅಂಗೈ ಹೋಗತೊಡಗಿತು.

ಇನ್ನೊಂದು ವಿಷಯವಿತ್ತು. ಲೇಔಟಿನ ದೊಡ್ಡ ರಸ್ತೆ ಎಲ್ಲಿ ಬಾಯಿ ತೆರೆಯಬೇಕೋ ಸರಿಯಾಗಿ ಅಲ್ಲಿ ಈ ಮನೆ ನಿಂತಿತ್ತು.

"ತಾಯಮ್ಮ, ಮನೆ ಹಳೇದಾಯ್ತು," ಎಂದರು ಅಪ್ಪಯ್ಯಣ್ಣ. "ಬೀಳೋಕ್ ಮುಂಚೆ ಖಾಲಿ ಮಾಡು. ಹಳ್ಳದ ಹತ್ರ ಬೇರೆ ಜಾಗ ತೋರಿಸ್ತೀನಿ."

"ಮನೆ ಹಳೇದಾಗಿಲ್ಲ ಬುದ್ಧಿ," ಎಂದಳು ಮುನಿತಾಯಮ್ಮ. "ನಿಮ್ಮ ಮದ್ದು ಹೊಸಾದು."

ದೇವನಹಳ್ಳಿಯ ಕೋರ್ಟಿನಲ್ಲಿ ದಾವೆ ಹೂಡಿದಳು. ಸಿಡಿಸುವುದು ನಿಲ್ಲಬೇಕು, ಗೋಡೆ ಕಟ್ಟಿಸಿಕೊಡಬೇಕು. ವಕೀಲ ಮೂರ್ತಿ. ಒಳ್ಳೆಯವನು. ನ್ಯಾಯಾಧೀಶರು ಕೆಮ್ಮಿದರೂ "ಎಸ್ ಮೈ ಲಾರ್ಡ್" ಅನ್ನುವ ಹುಡುಗ.

ಅಪ್ಪಯ್ಯಣ್ಣನವರ ಜವಾಬು ಚಿಕ್ಕದಾಗಿತ್ತು. ಗೋಡೆ ಒಡೆದದ್ದು ಮದ್ದಿನಿಂದಲ್ಲ. ಆ ಜನಕ್ಕೆ ಮನೆ ಕಟ್ಟಲು ಬರುವುದಿಲ್ಲ.

ಮುನಿತಾಯಮ್ಮ ಕಟ್ಟಿದ ಮನೆಗಳಲ್ಲಿ ಅಪ್ಪಯ್ಯಣ್ಣನವರ ಎರಡಂತಸ್ತಿನ ಮನೆಯೂ ಒಂದು. ಅದರ ಪಾಯದ ಕಲ್ಲು ಅವಳ ತಲೆಯ ಮೇಲೆ ಬಂದದ್ದು. ಅವಳ ನೆತ್ತಿಯಲ್ಲಿ ಈಗಲೂ ಒಂದು ಕಡೆ ಕೂದಲಿಲ್ಲ, ಸಿಂಬಿ ಇಡುತ್ತಿದ್ದ ಜಾಗ. ಗಾರೆ ಕಲಸಿ ಕಲಸಿ ಕಾಲ್ಬೆರಳ ಸಂದಿ ಕೊಳೆತಿತ್ತು. ಆ ಮನೆಯ ದೇವರ ಕೋಣೆಯಲ್ಲಿ ಕೂತು ಅವಳು ಮುದ್ದೆ ಉಂಡಿದ್ದಾಳೆ, ಮಹಡಿಯಲ್ಲಿ ಮಗುವಿಗೆ ಹಾಲು ಕುಡಿಸಿದ್ದಾಳೆ. ಆಗ ಅದು ಬರೀ ಕಲ್ಲು, ಇಟ್ಟಿಗೆ. ಗೃಹಪ್ರವೇಶದ ಬೆಳಿಗ್ಗೆ ಒಂದು ಹಸುವನ್ನು ಒಳಗೆ ಕರೆದುಕೊಂಡು ಹೋದರು. ಹಸು ಒಳಗೆ ಹೋದ ಮೇಲೆ ಮುನಿತಾಯಮ್ಮ ಹೊರಗೆ. ಆಮೇಲೆ ಅವಳು ಆ ಮನೆಯನ್ನು ರಸ್ತೆಯಿಂದ ನೋಡಿದ್ದಾಳೆ.

ನ್ಯಾಯಾಧೀಶರು ಎರಡೂ ಕಡೆಯ ಮಾತು ಕೇಳಿ ಪೆನ್ನು ಕೆಳಗಿಟ್ಟರು.

"ನೀವೊಬ್ಬ ಇಂಜಿನಿಯರ್ ತರ್ತೀರಿ, ಅವರೊಬ್ಬ ಇಂಜಿನಿಯರ್ ತರ್ತಾರೆ. ನಿಮ್ಮೋರು ಕರಿ ಅಂತಾರೆ, ಅವರೋರು ಬಿಳಿ ಅಂತಾರೆ. ನಾನು ಗೋಡೆ ನೋಡ್ಲಾ, ಇವರಿಬ್ಬರ ಮುಖ ನೋಡ್ಲಾ? ಇಬ್ಬರೂ ಸೇರಿ ಒಬ್ಬರನ್ನ ಒಪ್ಕೊಳ್ಳಿ. ಅವರು ಹೇಳಿದ್ದಕ್ಕೆ ಇಬ್ಬರೂ ಬದ್ಧ."

ಒಪ್ಪಿದರು. ಆದಿನಾರಾಯಣಪ್ಪ ಎಂಬ ನಿವೃತ್ತ ಇಂಜಿನಿಯರ್ ಜಂಟಿ ತಜ್ಞರಾದರು. ಗೋಡೆಯದೇ ದೋಷ ಎಂದು ಅವರು ಬರೆದರೆ ಪಂಚಾಯಿತಿಯವರು ಅಪಾಯದ ಮನೆ ಎಂದು ಕೆಡವುತ್ತಾರೆ, ಲೇಔಟಿನ ರಸ್ತೆ ನೇರವಾಗುತ್ತದೆ. ಮದ್ದಿನ ದೋಷ ಎಂದು ಬರೆದರೆ ಮನೆ ಉಳಿಯುತ್ತದೆ. ಅವರ ಮೇಲೆ ಇನ್ನೊಬ್ಬ ತಜ್ಞ ಇಲ್ಲ.

ಕೋರ್ಟಿನ ಪಡಸಾಲೆಯಲ್ಲಿ ಮೂರ್ತಿ ಇದನ್ನು ಬಿಡಿಸಿ ಹೇಳಿದ. ಮುನಿತಾಯಮ್ಮ ಕೇಳಿಸಿಕೊಂಡಳು.

"ಅಂದ್ರೆ ಅವ್ರು ಯಾರ ಕಡೆಯೋರು?"

"ಯಾರ ಕಡೆಯೂ ಅಲ್ಲಮ್ಮ. ಇಬ್ಬರ ಕಡೆಯೋರು. ಅರ್ಧ ನಿಮ್ಮೋರು, ಅರ್ಧ ಅವರೋರು ಅಂದ್ಕೊಳ್ಳಿ."

"ನಮ್ಮ ಅರ್ಧ ಯಾವ್ದಪ್ಪ? ಮೇಲಿಂದಾ, ಕೆಳಗಿಂದಾ?"

ಇದನ್ನು ಮೂರ್ತಿ ಕಾನೂನು ಪುಸ್ತಕದಲ್ಲಿ ಓದಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದ.

ತನಿಖೆಯ ದಿನ ಬಂತು. ಅನಿಲ್‌ಕುಮಾರ್ ಬೆಳಿಗ್ಗೆಯೇ ಗುಡ್ಡಕ್ಕೆ ಹೋಗಿ ಕೆಲಸದವರಿಗೆ ತಾಕೀತು ಮಾಡಿದ್ದ: ಮದ್ದು ತುಂಬಿಟ್ಟುಕೊಳ್ಳಿ, ಆದರೆ ಇಂಜಿನಿಯರರ ಬಿಳಿ ಕಾರು ಊರು ಬಿಟ್ಟು ಹೋಗುವ ತನಕ ಹೊಡೆಯಬೇಡಿ. ಕಾರು ಹೋದದ್ದು ಕಂಡ ಮೇಲೆ ಹೊಡೆಯಿರಿ. ಜಾಣ ಹುಡುಗ. ಬೆಂಗಳೂರಿನಲ್ಲಿ ಓದಿದವನು.

ಆದಿನಾರಾಯಣಪ್ಪನವರ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಅವರು ಪ್ರಾಮಾಣಿಕರು. ಸ್ವಂತ ಕಾರಿನಲ್ಲಿ ಬಂದರು. ನೀರಿನ ಬಾಟಲಿಯನ್ನು ಮನೆಯಿಂದ ತಂದಿದ್ದರು. ಲೇಔಟಿನ ನಕ್ಷೆ ನೋಡಲೆಂದು ಮೊದಲು ಅಪ್ಪಯ್ಯಣ್ಣನವರ ಮನೆಗೆ ಹೋದರು. ಒಳಗೆ ಸೋಫಾದಲ್ಲಿ ಕೂತು ನಕ್ಷೆ ನೋಡಿದರು. ಇಡ್ಲಿ ಬೇಡ ಎಂದರು. ಕಾಫಿಯನ್ನೂ ಮುಟ್ಟಲಿಲ್ಲ.

"ಉಭಯ ಪಕ್ಷಗಾರರಲ್ಲಿ ಯಾರ ಮನೆಯಲ್ಲೂ ಏನೂ ತಗೊಳ್ಳಲ್ಲ," ಎಂದರಂತೆ. ಅಷ್ಟು ನಿಷ್ಪಕ್ಷಪಾತಿ.

ಆಮೇಲೆ ಎಲ್ಲರೂ ಕೇರಿಗೆ ಬಂದರು. ಮುಂದೆ ಆದಿನಾರಾಯಣಪ್ಪ, ಕೈಯಲ್ಲಿ ಟಾರ್ಚು, ಟೇಪು. ಅವರ ಹಿಂದೆ ಕೊಡೆ ಹಿಡಿದ ಅಪ್ಪಯ್ಯಣ್ಣ, ಫೋನು ಹಿಡಿದ ಅನಿಲ್‌ಕುಮಾರ್, ಇಬ್ಬರ ವಕೀಲರು. ನಾನು ಆ ದಿನ ಊರಲ್ಲಿದ್ದೆ. ಓದಿದವನು ಎಂದು ಟೇಪಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು.

ಇಂಜಿನಿಯರು ಮನೆಯ ಮುಂದೆ ನಿಂತು ಮಂಡಿ ಹಿಡಿದುಕೊಂಡರು. ಮಂಡಿನೋವು. ಅದನ್ನು ನೋಡಿದ್ದೇ ಮುನಿತಾಯಮ್ಮನ ಗಂಡ ಮುನಿವೆಂಕಟಪ್ಪ ಕುರ್ಚಿ ತರಲು ಒಳಗೆ ಓಡಿದ. ಯಾರೂ ಹೇಳಬೇಕಾಗಿರಲಿಲ್ಲ. ಕುರ್ಚಿ ಇಲ್ಲದ ಕಾಲದಲ್ಲಿ ಕಂಬಳಿ ಹಾಸುತ್ತಿದ್ದವನು ಅವನು.

ಕುರ್ಚಿ ಬರಲಿಲ್ಲ. ಮಾತು ಕೇಳಿಸಿತು.

"ಏಯ್, ಎದ್ದೇಳಮ್ಮಿ. ಸಾಹೇಬ್ರು ನಿಂತವ್ರೆ."

"ಒಳಕ್ ಬಂದ್ರೆ ಎದ್ದೇಳ್ತೀನಿ."

"ಅವ್ರು ಒಳಕ್ ಬರಲ್ಲ ಕಣೆ. ಅದು ಪದ್ಧತಿ ಅಲ್ಲ."

"ಬಿರುಕು ಹೊರಕ್ ಬರಲ್ಲ. ಅದಕ್ಕೂ ಒಂದು ಪದ್ಧತಿ ಐತೆ."

ಬಾಗಿಲಿನಿಂದ ನನಗೆ ಕಂಡಿತು. ಮುನಿತಾಯಮ್ಮ ಕೆಂಪು ಕುರ್ಚಿಯ ಮೇಲೆ ಕೂತಿದ್ದಳು. ಎರಡೂ ಕೈಗಳಿಂದ ಅದರ ತೋಳು ಹಿಡಿದಿದ್ದಳು. ಕುರ್ಚಿ ತಂದು ಆರು ವರ್ಷವಾಗಿತ್ತು, ಅವಳು ಅದರಲ್ಲಿ ಕೂತದ್ದು ಅದೇ ಮೊದಲು. ಮುನಿವೆಂಕಟಪ್ಪ ಅವಳ ಸಮೇತ ಕುರ್ಚಿ ಎತ್ತಲು ನೋಡಿದ. ಕುರ್ಚಿಯ ಕಾಲು ಸ್ವಲ್ಪ ಮೇಲೆದ್ದು ಮತ್ತೆ ಕೂತಿತು. ಅವನು ಬೆವರು ಒರೆಸಿಕೊಂಡು ಹೊರಗೆ ಬಂದ.

"ತಪ್ಪು ತಿಳ್ಕಬೇಡಿ ಸಾರ್. ಚಪ್ಪಡಿನಾದ್ರೂ ಎತ್ತಬೋದು. ಇವಳ್ನ ಆಗಲ್ಲ."

"ಕುರ್ಚಿ ಬೇಡ ಬಿಡಪ್ಪ," ಎಂದರು ಆದಿನಾರಾಯಣಪ್ಪ. "ಎಲ್ಲಿ ಬಿರುಕು?"

"ಒಳಗೆ ಸಾರ್."

ಅವರು ಬಾಗಿಲನ್ನು ನೋಡಿದರು. ಹೊಸ್ತಿಲನ್ನು ನೋಡಿದರು. ಹೊರಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದರು.

"ಇದು ಗಟ್ಟಿಯಾಗೇ ಇದೆಯಲ್ಲ."

"ಅದು ಗಟ್ಟಿ ಐತೆ ಸಾರ್. ಬಿರುಕು ಒಳಗೈತೆ."

ಮನೆಯನ್ನು ಒಂದು ಸುತ್ತು ಬಂದರು. ದೇವಸ್ಥಾನಕ್ಕೆ ಬರುವ ಹಾಗೆ. ಪಕ್ಕದಲ್ಲಿ ಒಂದು ಸಣ್ಣ ಕಿಟಕಿ ಸಿಕ್ಕಿತು. ಅವರಿಗೆ ಖುಷಿಯಾಯಿತು. ಟಾರ್ಚು ಬಿಟ್ಟು ಒಳಗೆ ಇಣುಕಿದರು. ಬೆಳಕಿನಲ್ಲಿ ಮುನಿತಾಯಮ್ಮನ ಮುಖ ಕಂಡಿತು. ಅವಳು ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೂತಿದ್ದಳು.

"ಏನ್ ಸಾರ್, ನಾನೂ ಬಿರುಕು ಬಿಟ್ಟಿದ್ದೀನಾ?"

ಅವರು ಟಾರ್ಚು ಆರಿಸಿದರು.

"ಫೋಟೋ ತೆಗೆಸಿಬಿಡೋಣ ಸಾರ್," ಎಂದ ಅನಿಲ್‌ಕುಮಾರ್. ಫೋನನ್ನು ನನ್ನ ಕಡೆ ಚಾಚಿದ. "ಗುರು, ಒಳಗ್ ಹೋಗಿ ನಾಲ್ಕು ಹೊಡ್ಕೊಂಡ್ ಬಾ."

ನನಗೆ ಇಂಥ ಫೋನು ಬಳಸಲು ಬರುವುದಿಲ್ಲ ಎಂದೆ. ಬರುತ್ತಿತ್ತು.

"ಅಳತೆನಾದ್ರೂ ಒಳಗಿಂದ ಕೂಗಿ ಹೇಳಮ್ಮ. ಬರ್ಕೋತೀನಿ," ಎಂದರು ಇಂಜಿನಿಯರು.

"ಹೇಳಲ್ಲ ಸಾರ್." ಕಿಟಕಿಯಿಂದಲೇ ಉತ್ತರ ಬಂತು. "ಅಳತೆ ಹೊರಕ್ ಬರಲ್ಲ. ಫೋಟೋ ಹೊರಕ್ ಬರಲ್ಲ. ಇವತ್ತು ಈ ಮನೆಯಿಂದ ಏನೂ ಹೊರಕ್ ಬರಲ್ಲ. ನಮ್ಮತ್ತೆನ ಚಾಪೆ ಮೇಲೆ ಎಳ್ಕಂಡ್ ಬಂದ್ನಲ್ಲ, ಅದೇ ಕೊನೆ."

ಅಪ್ಪಯ್ಯಣ್ಣನವರಿಗೆ ತಾಳ್ಮೆ ತಪ್ಪಿತು. "ತಾಯಮ್ಮ, ಏನ್ ನಿನ್ ಕತೆ? ದೊಡ್ಡೋರ್ನ ಬಿಸಿಲಲ್ಲಿ ನಿಲ್ಸಿದ್ದೀಯಲ್ಲ."

"ನಾನ್ ನಿಲ್ಸಿಲ್ಲ ಬುದ್ಧಿ. ಬಾಗ್ಲು ತೆಗ್ದೇ ಐತೆ. ಅವ್ರು ಅರ್ಧ ನಿಮ್ಮೋರು, ಅರ್ಧ ನಮ್ಮೋರಂತೆ. ನಿಮ್ಮ ಅರ್ಧ ಬೆಳಿಗ್ಗೆ ಸೋಫಾ ಮೇಲೆ ಕೂತ್ಕಂಡ್ ಬಂತು. ನಮ್ಮ ಅರ್ಧ ಎಲ್ಲಿ?"

"ಆ ಮಾತು ಬೇರೆ, ಈ ಮಾತು ಬೇರೆ."

"ನಿಮ್ಮ ಮನೆಗೆ ಮೊದ್ಲು ಹಸು ಕರ್ಕಂಡ್ ಹೋದ್ರಿ. ನಮ್ಮತ್ರ ಹಸು ಇಲ್ಲ. ಸಾಹೇಬ್ರೇ ಬರ್ಲಿ."

ಎದುರು ಕಡೆಯ ವಕೀಲರು ಕೆಮ್ಮಿದರು. ಮೂರ್ತಿ ಅಭ್ಯಾಸಬಲದಿಂದ "ಎಸ್ ಮೈ ಲಾರ್ಡ್" ಎಂದ.

ಅನಿಲ್‌ಕುಮಾರ್ ಪಕ್ಕದ ಮನೆಯಿಂದ ಕುರ್ಚಿ ತರಲು ಹೊರಟ. ಪಕ್ಕದ ಮನೆ ಆದಿಲಕ್ಷ್ಮಮ್ಮನದು. ಕಿಟಕಿಯ ಮಾತು ಆಗಲೇ ಅಲ್ಲಿಗೆ ಮುಟ್ಟಿತ್ತು.

"ನಮ್ಮನೇದು ಕಾಲು ಮುರ್ದೈತೆ ಕಣಪ್ಪ," ಎಂದಳು. ಅವಳು ಅದರ ಮೇಲೇ ಕೂತಿದ್ದಳು.

ಮುಂದಿನ ಮನೆಗೆ ಹೋದ. ಅಲ್ಲಿ ಮುನಿರಾಮಯ್ಯ ಕೂತಿದ್ದ. "ಕುರ್ಚಿ ಐತಲ್ಲ ಅನಿಲಣ್ಣ. ಒಳಕ್ ಬಂದು ಕೂತ್ಕ." ಅದರ ಮುಂದಿನ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಒಂದೇ ಕುರ್ಚಿಯ ಮೇಲೆ ಒತ್ತಿಕೊಂಡು ಕೂತಿದ್ದರು. ಆ ಮಧ್ಯಾಹ್ನ ನಮ್ಮ ಕೇರಿಯ ಕುರ್ಚಿಗಳೆಲ್ಲ ತುಂಬಿದ್ದವು. ಹೇಗೆ ಕೂರಬೇಕೆಂದು ತಿಳಿಯದೆ ಕೆಲವರು ಕಾಲು ಮಡಚಿ ಚಕ್ಕಂಬಕ್ಕಲ ಹಾಕಿದ್ದರು. ಒಬ್ಬ ಮುದುಕ ಎರಡು ಸಲ ಜಾರಿದ, ಆದರೂ ಇಳಿಯಲಿಲ್ಲ.

ಬಿಸಿಲು ಏರಿತು. ಆದಿನಾರಾಯಣಪ್ಪನವರ ಮಂಡಿ ನಡುಗುತ್ತಿತ್ತು. ಅಪ್ಪಯ್ಯಣ್ಣನವರ ಕೊಡೆಯ ಕೆಳಗೆ ನಿಲ್ಲಲು ಅವರ ಪ್ರಾಮಾಣಿಕತೆ ಒಪ್ಪಲಿಲ್ಲ. ಎಷ್ಟಾದರೂ ಅದು ಪ್ರತಿವಾದಿಯ ಕೊಡೆ. ಕೊನೆಗೆ ಡ್ರೈವರನ್ನು ಕರೆದರು.

"ಕಾರ್ ಇಲ್ಲಿಗೇ ತಗೊಂಡ್ ಬಾ. ಕೂತ್ಕೊಂಡೇ ನೋಡ್ತೀನಿ."

ಕಾರು ಲೇಔಟಿನ ಮುಂದೆ ನಿಂತಿತ್ತು. ಅಲ್ಲಿಂದ ಕೇರಿಗೆ ಬರುವ ಓಣಿಯ ಬಾಯಿಗೆ ಅನಿಲ್‌ಕುಮಾರನೇ ಸಿಡಿಸಿದ ಕಲ್ಲು ಸುರಿಸಿದ್ದ. ಕಾರು ಬರಬೇಕಾದರೆ ಊರು ದಾಟಿ, ಕೆರೆ ಏರಿಯ ಮೇಲೆ ಸುತ್ತಿ, ಹಿಂದಿನ ದಾರಿಯಿಂದ ಬರಬೇಕು. ಡ್ರೈವರು ಹೋದ. ಕಾರು ಹೊರಟ ಸದ್ದು ಕೇಳಿಸಿತು. ಬಿಳಿ ಕಾರು ಧೂಳೆಬ್ಬಿಸಿಕೊಂಡು ಊರಿನ ಆಚೆಗೆ ಹೋದದ್ದು ನಮಗೆ ಕಂಡಿತು.

ಗುಡ್ಡದ ಮೇಲಿದ್ದವರಿಗೂ ಕಂಡಿತು.

ಸೀಟಿ ಊದಿತು.

ಕೇರಿಯಲ್ಲಿ ಹೊರಗೆ ನಿಂತು ತಮಾಷೆ ನೋಡುತ್ತಿದ್ದವರೆಲ್ಲ ಒಂದೇ ಉಸಿರಿಗೆ ಮಾಯವಾದರು. ಕೋಳಿಗಳು ಕೂಡ. ಆದಿನಾರಾಯಣಪ್ಪ ಒಬ್ಬರೇ ಅಂಗಳದ ನಡುವೆ ನಿಂತು "ಏನದು, ಏನದು?" ಎಂದರು.

"ಕಲ್ಲು ಬತ್ತದೆ ಸಾರ್, ಒಳಕ್ಕೆ," ಎಂದು ಮುನಿವೆಂಕಟಪ್ಪ ಕೂಗಿದ.

ಮೊದಲು ಒಳಗೆ ಹೋದವರು ಅಪ್ಪಯ್ಯಣ್ಣ. ಮದ್ದು ಅವರದೇ, ಅದರ ಗುಣ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊಡೆ ಬಾಗಿಲಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು, ಅಲ್ಲೇ ಬಿಟ್ಟರು. ಅವರ ಹಿಂದೆ ಅನಿಲ್‌ಕುಮಾರ್. ಅವನ ಹಿಂದೆ ಇಬ್ಬರು ವಕೀಲರು, ವಾದಿ ಯಾರು ಪ್ರತಿವಾದಿ ಯಾರು ಎಂಬ ಭೇದವಿಲ್ಲದೆ ಒಬ್ಬರ ಅಂಗಿ ಒಬ್ಬರು ಹಿಡಿದು. ನನ್ನ ಕೈಯಲ್ಲಿ ಟೇಪಿನ ತುದಿಯಿತ್ತು. ನಾನು ಓಡಿದೆ. ಟೇಪಿನ ಜೊತೆ ಇಂಜಿನಿಯರೂ ಬಂದರು. ಮಂಡಿನೋವಿನವರು ಅಷ್ಟು ಬೇಗ ಹೊಸ್ತಿಲು ದಾಟಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನೆಲ ಒಮ್ಮೆ ಎದ್ದು ಕೂತಿತು. ಮಾಡಿನ ಚಪ್ಪಡಿಗಳು ಒಂದಕ್ಕೊಂದು ಹಲ್ಲು ಕಡಿದವು. ನಡುಗೋಡೆಯ ಬಿರುಕಿನಿಂದ ಮಣ್ಣು ಸುರಿಯಿತು, ಕೊಳಾಯಿ ಬಿಟ್ಟ ಹಾಗೆ. ರೊಟ್ಟಿಯಷ್ಟು ಅಗಲದ ಗಾರೆ ಕಿತ್ತುಬಂದು ಆದಿನಾರಾಯಣಪ್ಪನವರ ಬೋಳುತಲೆಯ ಮೇಲೆ ಪುಡಿಯಾಯಿತು. ಹೊರಗೆ ಕಲ್ಲು ಬೀಳುವ ಸದ್ದು. ಒಂದು ಕಲ್ಲು ಮಾಡಿನ ಮೇಲೇ ಬಿತ್ತು. ಎಲ್ಲರೂ ತಲೆ ತಗ್ಗಿಸಿದರು. ಮುನಿತಾಯಮ್ಮ ತಗ್ಗಿಸಲಿಲ್ಲ. ಅವಳಿಗೆ ದಿನವೂ ಇದೇ.

ಧೂಳು ಇಳಿಯಿತು. ಬಿರುಕು ಮೊದಲಿಗಿಂತ ಅಗಲವಾಗಿ ನಿಂತಿತ್ತು. ಅದರ ಆಚೆಗೆ ಅಡುಗೆಯ ಒಲೆ ಕಾಣುತ್ತಿತ್ತು.

ಅನಿಲ್‌ಕುಮಾರ್ ಫೋನಿಗೆ ಬಾಯಿ ಹಾಕಿದ. "ಯಾವನ್ಲಾ ನಿಂಗ್ ಹೊಡಿ ಅಂದಿದ್ದು?"

ಆ ಕಡೆಯವನ ದನಿ ಗಟ್ಟಿ. ಸಣ್ಣ ಮನೆ. ಎಲ್ಲರಿಗೂ ಕೇಳಿಸಿತು.

"ನೀನೇ ಅಲ್ವೇನಣ್ಣ. ಇಂಜಿನಿಯರ್ ಕಾರ್ ಹೋದ್ಮೇಲೆ ಹೊಡೀರಿ ಅಂದೆ. ಕಾರ್ ಹೋಯ್ತಲ್ಲಣ್ಣ."

ಇಂಜಿನಿಯರು ತಲೆಯ ಮೇಲಿನ ಮಣ್ಣನ್ನೂ ಒರೆಸಿಕೊಳ್ಳಲಿಲ್ಲ. ಟಾರ್ಚು ಹಚ್ಚಿ ಬಿರುಕಿನ ಹತ್ತಿರ ಹೋದರು. ಬೆರಳಿಟ್ಟರು. ಕೆಳಗಿನಿಂದ ಮೇಲಕ್ಕೆ ಸವರಿದರು. ಹೊಸದಾಗಿ ಸೀಳಿದ ಇಟ್ಟಿಗೆಯನ್ನು ಮೂಸಿ ನೋಡಿದರು. ಆ ಕ್ಷಣ ಅವರು ಎಲ್ಲಿ ನಿಂತಿದ್ದಾರೆ ಎಂಬುದು ಅವರಿಗೆ ಮರೆತಿತ್ತು. ಆಮೇಲೆ ನೆನಪಾಯಿತು. ಮತ್ತೆ ಮಂಡಿ ಹಿಡಿದುಕೊಂಡರು.

ಮುನಿತಾಯಮ್ಮ ಎದ್ದಳು. ಸೆರಗಿನಿಂದ ಕುರ್ಚಿಯ ಮಣ್ಣು ಒರೆಸಿದಳು.

"ಕೂತ್ಕಳ್ಳಿ ಸಾರ್."

ಅವರು ಕೂತರು. ಅಪ್ಪಯ್ಯಣ್ಣನವರು ಮೂಲೆಯಲ್ಲಿ ನಿಂತಿದ್ದರು. ಕುರ್ಚಿ ಒಂದೇ ಇತ್ತು.

ಸ್ಥಳದಲ್ಲೇ ಮಹಜರು ಬರೆದು ಎಲ್ಲರೂ ಸಹಿ ಮಾಡಬೇಕಿತ್ತು. ಮೂರ್ತಿ ಕಾಗದ ತೆಗೆದ. ಇಂಜಿನಿಯರು ಹೇಳಿ ಬರೆಸಿದರು.

"ವಾದಿಯ ಮನೆಯನ್ನು ಹೊರಗಿನಿಂದಲೂ ಕಿಟಕಿಯ ಮೂಲಕವೂ ಪರಿಶೀಲಿಸಲಾಗಿ, ಒಳಗಿನ ಗೋಡೆಯ ಬಿರುಕು ಬಂಡೆ ಸಿಡಿಸಿದ ಕಂಪನದಿಂದಲೇ ಉಂಟಾಗಿದೆ ಎಂದು ಕಂಡುಬಂದಿದೆ."

ಮೂರ್ತಿಯ ಮುಖ ಅರಳಿತು. "ಗೆದ್ವಿ ಕಣಮ್ಮ. ಹೆಬ್ಬೆಟ್ಟು ಒತ್ತಿ."

"ಕಿಟಕಿಯಿಂದ ಏನ್ ಕಂಡ್ತು ಸಾರ್?" ಎಂದಳು ಮುನಿತಾಯಮ್ಮ. "ಕಿಟಕೀಲಿ ನಾನಿದ್ದೆ."

ಆದಿನಾರಾಯಣಪ್ಪ ದನಿ ತಗ್ಗಿಸಿದರು. "ನಿಮ್ಮ ಪರವಾಗೇ ಬರ್ದಿದ್ದೀನಲ್ಲಮ್ಮ. ಒಳಗೆ ಬಂದಿದ್ದು ಹೋಗಿದ್ದು ಅದೆಲ್ಲ ಯಾಕೆ? ನಮ್ಮ ಮನೇಲೂ ಹಿರಿಯರಿದ್ದಾರೆ. ಕೋರ್ಟಿನ ಕಾಗದ, ನಾಲ್ಕು ಜನ ಓದ್ತಾರೆ."

"ಹೌದೌದು, ಅದೆಲ್ಲ ಬೇಡ," ಎಂದರು ಅಪ್ಪಯ್ಯಣ್ಣ, ಮೂಲೆಯಿಂದ. "ಯಾರು ಒಳಗ್ ಬಂದ್ರು ಅನ್ನೋದು ಕೋರ್ಟಿಗ್ಯಾಕೆ?"

"ಅದು ಮುಖ್ಯ ಅಲ್ಲ ಬಿಡಮ್ಮ," ಎಂದ ಮೂರ್ತಿ.

ದಾವೆ ಶುರುವಾದ ಮೇಲೆ ಮೊದಲ ಬಾರಿಗೆ ವಾದಿಯ ವಕೀಲ, ಪ್ರತಿವಾದಿ, ತಜ್ಞ ಮೂವರೂ ಒಮ್ಮತಕ್ಕೆ ಬಂದರು. ಜಂಟಿ ಎಂದರೆ ಏನೆಂದು ನನಗೆ ಆಗ ತಿಳಿಯಿತು.

ಮುನಿವೆಂಕಟಪ್ಪ ಶಾಯಿಯ ಡಬ್ಬಿ ಹಿಡಿದು ಹೆಂಡತಿಯ ಮುಂದೆ ನಿಂತ. ಅವಳು ಹೆಬ್ಬೆಟ್ಟನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಕಲ್ಲು ಹೊತ್ತ ಕೈ. ಬಿಡಿಸುವುದು ಯಾರಿಂದಲೂ ಆಗುವಂತಿರಲಿಲ್ಲ.

"ಒತ್ತಲ್ಲ."

"ಮನೆ ಹೋಗ್ತದೆ ಕಣಮ್ಮಿ," ಎಂದ ಮುನಿವೆಂಕಟಪ್ಪ.

"ಹೋಗ್ಲಿ. ಕಲ್ಲು ಹೊತ್ತು ಇನ್ನೊಂದು ಕಟ್ತೀನಿ. ಒಳಕ್ ಬಂದು, ನನ್ ಕುರ್ಚಿ ಮೇಲೆ ಕೂತ್ಕಂಡು, ನಾನ್ ಬಂದೇ ಇಲ್ಲ ಅಂತ ಬರ್ಸಿದ್ರೆ ಅದಕ್ಕೆ ನಾನ್ ಹೆಬ್ಬೆಟ್ಟು ಒತ್ತಲ್ಲ. ನಾನು ಇದೀನಿ. ಈ ಮನೆ ಐತೆ. ಇದಕ್ಕೊಂದು ಒಳಗು ಐತೆ. ಅದನ್ನ ಬರೀರಿ."

ಬಿರುಕಿನಿಂದ ಇನ್ನೊಂದಿಷ್ಟು ಮಣ್ಣು ಉದುರಿತು.

ಆಗ ಎದುರು ಕಡೆಯ ವಕೀಲರು ಒಂದು ತಪ್ಪು ಮಾಡಿದರು. ನಕ್ಕರು.

"ಇರ್ಲಿ ಸಾರ್, ಹೊರಗಿನಿಂದಾನೇ ನೋಡಿದ್ದು ಅಂತಲೇ ಇರ್ಲಿ. ನಮಗೇನೂ ಅಭ್ಯಂತರ ಇಲ್ಲ."

ಆ ನಗು ಇಂಜಿನಿಯರಿಗೆ ಕಂಡಿತು. ಹೊರಗೆ ನಿಂತವನು ಒಳಗಿನ ಗೋಡೆಯನ್ನು ಹೇಗೆ ನೋಡಿದ ಎಂದು ಇದೇ ವಕೀಲರು ನಾಳೆ ಕಟಕಟೆಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಕಾಗದ ಹರಿಯುತ್ತಾರೆ. ಇಂಜಿನಿಯರರ ಇಡೀ ನೌಕರಿಯಲ್ಲಿ ಅವರ ವರದಿಯನ್ನು ಯಾರೂ ಹರಿದಿರಲಿಲ್ಲ. ಅವರೊಳಗೆ ಎರಡು ಮರ್ಯಾದೆಗಳು ಸ್ವಲ್ಪ ಹೊತ್ತು ಗುದ್ದಾಡಿದವು. ಮನೆಯ ಹಿರಿಯರ ಮರ್ಯಾದೆ ಒಂದು ಕಡೆ, ವರದಿಯ ಮರ್ಯಾದೆ ಒಂದು ಕಡೆ. ಮುನಿತಾಯಮ್ಮನ ಮರ್ಯಾದೆ ಆ ಲೆಕ್ಕದಲ್ಲಿ ಇತ್ತೆಂದು ನಾನು ಹೇಳಲಾರೆ.

"ಅದನ್ನ ಹೊಡೆದುಹಾಕಪ್ಪ," ಎಂದರು ಮೂರ್ತಿಗೆ. "ಬರ್ಕೋ. ವಾದಿಯ ಮನೆಯ ಒಳಗೆ ಪ್ರವೇಶಿಸಿ, ಖುದ್ದಾಗಿ ಪರಿಶೀಲಿಸಲಾಗಿ."

"ಕುರ್ಚಿ ಮೇಲೆ ಕೂತ್ಕಂಡು ಅಂತ," ಎಂದಳು ಮುನಿತಾಯಮ್ಮ.

"ಅದು ತಾಂತ್ರಿಕ ವಿಷಯ ಅಲ್ಲಮ್ಮ."

"ಕೂತಿದ್ದೀರಲ್ಲ ಸಾರ್."

ಅವರು ಕೆಳಗೆ ನೋಡಿಕೊಂಡರು. ಕೂತಿದ್ದರು.

"ಆಸೀನನಾಗಿ ಅಂತ ಬರ್ಕೋ."

"ಹಂಗಂದ್ರೆ?"

"ಕೂತ್ಕೊಂಡು ಅಂತಲೇನಮ್ಮ."

"ಹಂಗೇ ಬರೀರಿ. ನಮಗೂ ಅರ್ಥ ಆಗ್ಲಿ."

ಹಾಗೇ ಬರೆದರು. ಪ್ರತಿವಾದಿ ಅಪ್ಪಯ್ಯಣ್ಣನವರು ಎಲ್ಲರಿಗಿಂತ ಮೊದಲು ಒಳಗೆ ಬಂದು ನಿಂತಿದ್ದರು ಎಂಬುದನ್ನೂ ಸೇರಿಸಬೇಕೆಂದು ಅವಳು ಕೇಳಿದಳು. ಮೂರ್ತಿ ಪೆನ್ನೆತ್ತಿದ. ಅಪ್ಪಯ್ಯಣ್ಣನವರು ಬಾಗಿಲಿನಲ್ಲಿ ಸಿಕ್ಕಿಕೊಂಡ ಕೊಡೆ ಬಿಡಿಸುವುದರಲ್ಲಿ ಮಗ್ನರಾಗಿದ್ದರು. ಹಾಜರಿದ್ದವರ ಸಾಲಿನಲ್ಲಿ ಅವರ ಹೆಸರು, ಅದರ ಮುಂದೆ "ಮನೆಯ ಒಳಗೆ" ಎಂದು ಬಂತು. ಅವರು ಓದದೆ ಸಹಿ ಹಾಕಿದರು. ಮುನಿತಾಯಮ್ಮ ಮುಷ್ಟಿ ಬಿಚ್ಚಿದಳು. ಹೆಬ್ಬೆಟ್ಟು ಒತ್ತಿದಳು.

ಹಿಂದಿನ ದಾರಿಯಿಂದ ಬಿಳಿ ಕಾರು ಬಂದು ಹಾರ್ನ್ ಮಾಡಿತು. ಅದರ ಮೇಲೂ ಒಂದು ಕಲ್ಲು ಬಿದ್ದು ಬಾನೆಟ್ ತಗ್ಗಾಗಿತ್ತು. ಅದಕ್ಕೆ ಬೇರೆ ದಾವೆ ಹೂಡಬಹುದೆಂದು ಮೂರ್ತಿ ಇಂಜಿನಿಯರಿಗೆ ಸಲಹೆ ಕೊಟ್ಟ. ಅವರು ಕಾರು ಹತ್ತಿದರು.

ವರದಿ ಕೋರ್ಟಿಗೆ ಹೋಯಿತು. ಇಬ್ಬರೂ ಬದ್ಧರಾಗಿದ್ದರಿಂದ ವಾದ ಹೆಚ್ಚು ನಡೆಯಲಿಲ್ಲ. ಡಿಕ್ರಿ ಆಯಿತು. ಬಂಡೆ ಸಿಡಿಸುವುದು ನಿಂತಿತು. ನಡುಗೋಡೆಯನ್ನು ಪ್ರತಿವಾದಿಗಳೇ ಕಟ್ಟಿಸಿಕೊಟ್ಟರು. ಗಾರೆ ಹೊತ್ತವಳು ಮುನಿತಾಯಮ್ಮನೇ, ಕೂಲಿಗೆ. ಲೇಔಟಿನ ರಸ್ತೆ ಅವಳ ಮನೆಯ ಹತ್ತಿರ ಬಂದು ಬಳಸಿಕೊಂಡು ಹೋಗುತ್ತದೆ.

ಕೆಲಸ ಸರಿಯಾಗಿದೆ ಎಂದು ಜಂಟಿ ತಜ್ಞರೇ ನೋಡಿ ಹೇಳಬೇಕಿತ್ತು. ಮಾರನೆಯ ವರ್ಷ ಆದಿನಾರಾಯಣಪ್ಪನವರು ಮತ್ತೆ ಬಂದರು. ಅಷ್ಟರಲ್ಲಿ ವಿಮಾನಗಳು ಹಾರತೊಡಗಿದ್ದವು. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರು. ಕುರ್ಚಿ ಹೊರಗೆ ಬರಲಿಲ್ಲ. ಅವರು ಒಳಗೆ ಹೋದರು, ಕೂತರು, ಗೋಡೆ ನೋಡಿದರು, ಸಹಿ ಹಾಕಿದರು. ಮುನಿತಾಯಮ್ಮ ತಂದ ಕಾಫಿ ಕುಡಿಯಲಿಲ್ಲ.